ಓಲಾ ಅಂದರೆ ಕ್ಯಾಬ್ ಅಲ್ಲ: ಮೆಕ್ಸಿಕೋದಲ್ಲಿ ನನ್ನ ಮೊದಲ ಸ್ಪ್ಯಾನಿಷ್

ಆಫೀಸ್ ಕೆಲಸಕ್ಕೆ ಮೆಕ್ಸಿಕೋದ ಗ್ವಾದಲಹಾರಾಕ್ಕೆ ಹೋಗಬೇಕು ಅಂತ ಗೊತ್ತಾದಾಗ ನನ್ನ ಹತ್ತಿರ ಎರಡು ತಿಂಗಳಿತ್ತು. ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಂಡು, ಇಂಗ್ಲಿಷ್ ಅಕ್ಷರ ನೋಡಿಕೊಂಡು ಬಾಯಿಪಾಠ ಶುರು ಮಾಡಿದೆ. ಎಡವಿದ್ದು ಅಲ್ಲೇ. ಹೋಗಬೇಕಾದ ಊರಿನ ಹೆಸರನ್ನೇ 'ಗ್ವಾಡಲಜಾರಾ' ಅಂತ ಓದಿಕೊಂಡಿದ್ದೆ.

ಹದಿನೈದು ದಿನ ಆದ ಮೇಲೆ ಒಂದು ನೋಟ್‌ಬುಕ್ ತಗೊಂಡು, ಕಿವಿಗೆ ಕೇಳಿಸಿದ್ದನ್ನು ಕನ್ನಡದಲ್ಲೇ ಬರೆದುಕೊಂಡೆ. ಓಲಾ (ನಮಸ್ಕಾರ). ಬ್ವೆನೋಸ್ ದೀಯಾಸ್ (ಬೆಳಗಿನ ನಮಸ್ಕಾರ). ಬ್ವೆನಾಸ್ ತಾರ್ದೆಸ್ (ಮಧ್ಯಾಹ್ನದ ನಮಸ್ಕಾರ). ಬ್ವೆನಾಸ್ ನೋಚೆಸ್ (ರಾತ್ರಿಯ ನಮಸ್ಕಾರ). ಆಗ ಗೊತ್ತಾಯ್ತು, ಈ ಭಾಷೆ ನಮ್ಮ ಬಾಯಿಗೆ ಎಷ್ಟು ಸಲೀಸು ಅಂತ. 'ತಾರ್ದೆಸ್'ನ ತ ನಮ್ಮ ತಟ್ಟೆಯ ತ, ಟೊಮೆಟೊದ ಟ ಅಲ್ಲ. 'ದೀಯಾಸ್'ನ ದ ದೋಸೆಯ ದ. ಇಂಗ್ಲಿಷ್ ಮೂಲಕ ಹೋದರೆ ಮಾತ್ರ ಟ, ಡ ಬಂದು ಎಲ್ಲಾ ಕೆಡುತ್ತದೆ. ಇನ್ನು 'ಎಚ್' ಅಕ್ಷರಕ್ಕೆ ಅವರು ಕರೆಯೋದೇ 'ಆಚೆ' ಅಂತ. ಓದುವಾಗಲೂ ಅದನ್ನು ಆಚೆ ಇಟ್ಟುಬಿಡಿ, ಅದಕ್ಕೆ ಸದ್ದೇ ಇಲ್ಲ. ಹಾಗಾಗಿ 'ಎಚ್'ನಿಂದ ಶುರುವಾಗುವ ಆ ನಮಸ್ಕಾರ ಹೋಲಾ ಅಲ್ಲ, ನಮ್ಮ ಬೆಂಗಳೂರಿನ ಕ್ಯಾಬ್ ಥರ ಓಲಾ.

ಹೊತ್ತಿನ ಲೆಕ್ಕ ಮಾತ್ರ ಅಲ್ಲಿಗೆ ಹೋದ ಮೇಲೆ ಕಲಿತದ್ದು. ಮೊದಲ ವಾರ ಮಧ್ಯಾಹ್ನ ಹನ್ನೆರಡೂವರೆಗೆ ಲಿಫ್ಟಿನಲ್ಲಿ 'ಬ್ವೆನೋಸ್ ದೀಯಾಸ್' ಅಂದೆ. ಒಬ್ಬರು ಗಡಿಯಾರ ತೋರಿಸಿ, ನಗ್ತಾ, 'ತಾರ್ದೆಸ್' ಅಂದರು. ಅಲ್ಲಿ ಹನ್ನೆರಡು ದಾಟಿದರೆ ತಾರ್ದೆಸ್, ಕತ್ತಲಾದರೆ ನೋಚೆಸ್. ನೋಚೆಸ್ ಅನ್ನೋದು ನಮ್ಮ ಗುಡ್ ನೈಟ್ ಥರ ಹೊರಡುವಾಗ ಮಾತ್ರ ಹೇಳುವುದಲ್ಲ, ರಾತ್ರಿ ಯಾರದೋ ಮನೆ ಒಳಗೆ ಕಾಲಿಡುವಾಗಲೂ ಅದನ್ನೇ ಹೇಳಬೇಕು. ಲಿಫ್ಟು, ಸಣ್ಣ ಅಂಗಡಿ, ಡಾಕ್ಟರ ಹತ್ತಿರ ಕಾಯುವ ಕೋಣೆ, ಎಲ್ಲಿಗೆ ಹೋದರೂ ಗುರುತಿಲ್ಲದವರಿಗೂ ಹೇಳ್ತಾರೆ. ನಾನು ಸುಮ್ನೆ ಮೊಬೈಲ್ ನೋಡ್ತಾ ನಿಲ್ಲುವವನು, ಇದು ರೂಢಿಯಾಗೋಕೆ ತಿಂಗಳೇ ಬೇಕಾಯ್ತು.

ಪರಿಚಯಕ್ಕೆ ನಾನು ಉರು ಹೊಡೆದದ್ದು ನಾಲ್ಕೇ ಸಾಲು. ಮೆ ಯಾಮೋ ವಿಜಯ್ (ನನ್ನ ಹೆಸರು ವಿಜಯ್). ಸೋಯ್ ದೆ ಲಾ ಇಂದಿಯಾ (ನಾನು ಭಾರತದವನು). ತ್ರಾಬಾಹೋ ಎನ್ ಸಿಸ್ತೇಮಾಸ್ (ಕಂಪ್ಯೂಟರ್ ಕೆಲಸ). ಮೂಚೋ ಗೂಸ್ತೋ (ಭೇಟಿಯಾಗಿ ಸಂತೋಷ). ಎದುರಿನವರು ಮೊದಲು ಮೂಚೋ ಗೂಸ್ತೋ ಅಂದರೆ 'ಇಗ್ವಾಲ್‌ಮೆಂತೆ', ಅಂದರೆ ನನಗೂ ಅಷ್ಟೇ. 'ಸೋಯ್ ಇಂದಿಯೋ' (ನಾನು ಇಂಡಿಯನ್) ಅಂತ ಹೇಳೋಕೆ ಹೋಗಬೇಡಿ. ಆ ಪದ ಮೆಕ್ಸಿಕೋದಲ್ಲಿ ಅಲ್ಲಿನ ಮೂಲನಿವಾಸಿಗಳನ್ನು ಹೀಗಳೆಯೋಕೂ ಬಳಕೆಯಾಗುತ್ತದೆ.

ನೀನು, ನೀವು ಗೊಂದಲ ನಮಗಿಲ್ಲ. ಅವರ ತೂ ನಮ್ಮ ನೀನು, ಉಸ್ತೆದ್ ನಮ್ಮ ನೀವು. ಗೆಳೆಯನಿಗೆ 'ಕೋಮೋ ತೆ ಯಾಮಾಸ್' (ನಿನ್ನ ಹೆಸರೇನು), ವಯಸ್ಸಾದವರಿಗೆ 'ಕೋಮೋ ಸೆ ಯಾಮಾ ಉಸ್ತೆದ್' (ನಿಮ್ಮ ಹೆಸರೇನು). 'ಯೋ' ಅಂದರೆ ನಾನು, ಅದನ್ನು ಬಿಟ್ಟರೂ ನಡೆಯುತ್ತದೆ, ನಾವು 'ಬರ್ತೀನಿ' ಅಂದರೆ ಸಾಕಲ್ವಾ, ಹಾಗೆ.

ಆದರೆ ಕನ್ನಡ ಕೈಕೊಡುವ ಜಾಗವೂ ಇದೆ. ನಾವು 'ನಾನು ವಿಜಯ್' ಅಂತ ಕ್ರಿಯಾಪದವೇ ಇಲ್ಲದೆ ಹೇಳಿ ಮುಗಿಸ್ತೀವಿ. ನಾನೂ ಮೊದಮೊದಲು 'ಯೋ ವಿಜಯ್' ಅಂತಿದ್ದೆ, ಕೇಳುವವರಿಗೆ ಕಾಡಿನಿಂದ ಬಂದವನ ಮಾತಿನಂತೆ ಇದ್ದಿರಬೇಕು. 'ಸೋಯ್' ಬೇಕೇ ಬೇಕು. ಅದೂ ಯಾರು, ಎಲ್ಲಿಯವನು ಅನ್ನೋಕೆ ಸೋಯ್, ಹೇಗಿದ್ದೀನಿ ಅನ್ನೋಕೆ ಎಸ್ತೋಯ್: 'ಎಸ್ತೋಯ್ ಬ್ಯೆನ್, ಇ ಉಸ್ತೆದ್?' (ಚೆನ್ನಾಗಿದ್ದೀನಿ, ನೀವು?)

ಇನ್ನೊಂದು ಎಡವಟ್ಟು ಕೇಳಿ. ಆನ್‌ಲೈನಿನಲ್ಲಿ ನನಗೆ ಪಾಠ ಹೇಳಿದವರು ಒಬ್ಬ ಮೇಡಂ. ಅವರು ಹೇಳಿದ 'ಎಂಕಾಂತಾದಾ'ವನ್ನು (ಇದೂ ಭೇಟಿಯಾಗಿ ಸಂತೋಷ ಅಂತಲೇ) ಹಾಗೇ ಕಲಿತು, ಮೊದಲ ದಿನ ಮೀಟಿಂಗಿನಲ್ಲಿ ಎಂಟು ಜನರಿಗೂ ಕೈ ಕುಲುಕಿ ಹೇಳಿದೆ. ಗಂಡಸು ಹೇಳಬೇಕಾದ್ದು ಎಂಕಾಂತಾದೋ. ಎಂಟನೆಯವರ ತನಕ ಯಾರೂ ತುಟಿ ಪಿಟಕ್ ಅನ್ನಲಿಲ್ಲ! ಅವತ್ತಿನಿಂದ ಮೂಚೋ ಗೂಸ್ತೋ ಒಂದೇ ನನಗೆ, ಅದು ಗಂಡು ಹೆಣ್ಣು ಇಬ್ಬರಿಗೂ ಒಂದೇ. ಹೆಂಗಸರು ಕೆನ್ನೆ ಮುಂದೆ ತಂದರೆ ಗಾಬರಿಯಾಗಬೇಡಿ, ಬಲಗೆನ್ನೆಗೆ ಕೆನ್ನೆ ತಾಗಿಸಿ ಬಿಡೋದು, ಒಂದೇ ಸಲ. ಸ್ಪೇನಿನಲ್ಲಿ ಎರಡು ಸಲ.

ದೊಡ್ಡ ತಲೆನೋವು ನನ್ನ ಹೆಸರೇ. ಅವರ 'ವಿ' ಬಾಯಿಗೆ ಬರೋದು ಬ ಆಗಿ, 'ಜೆ' ಬರೋದು ಹ ಆಗಿ. ವಿಜಯ್ ಹೋಗಿ 'ಬಿಹಾಯ್' ಆಯ್ತು. ಕಾಫಿ ಅಂಗಡಿಯಲ್ಲಿ ಹೆಸರು ಕೇಳಿದಾಗಲೆಲ್ಲ 'ವೆ ಚೀಕಾ (ಅವರ 'ವಿ'), ಹೋತಾ' ಅಂತ ಅಕ್ಷರ ಬಿಡಿಸಿ ಹೇಳಿದರೆ ಸಮಸ್ಯೆ ಇನ್ನೂ ಜಾಸ್ತಿ, ಯಾಕೆಂದರೆ ಹೋತಾ ಅಂದರೆ ಅದೇ 'ಜೆ'. ಕೊನೆಗೆ 'ಜೆ' ಬದಲು 'ವೈ' ಹಾಕಿ ಬರೆಯಿರಿ ಅಂದೆ. ಕಪ್ಪಿನ ಮೇಲೆ 'ಬಿಯಾಯ್' ಅಂತ ಬಂತು. ಇರಲಿ, ಬಿಹಾಯ್‌ಗಿಂತ ವಾಸಿ.

ನಮ್ಮ ಕಟ್ಟಡದ ಗೇಟಿನಲ್ಲಿದ್ದ ಯಜಮಾನರಿಗೆ ಇದ್ಯಾವುದೂ ತಾಗಲಿಲ್ಲ. ಮೂರು ಸಲ ಹೆಸರು ಹೇಳಿದ ಮೇಲೂ ಅವರು ಬೆಳಗ್ಗೆ 'ಬ್ವೆನೋಸ್ ದೀಯಾಸ್, ಇನ್‌ಹೆ', ಸಂಜೆ 'ಆಸ್ತಾ ಲ್ವೇಗೋ, ಇನ್‌ಹೆ' ಅಂತಲೇ ಅಂದರು. ಇನ್‌ಹೆ ಅಂದರೆ ಇಂಜಿನಿಯರ್ರು, ಚಿಕ್ಕದಾಗಿ. ಆಸ್ತಾ ಲ್ವೇಗೋ ನಮ್ಮ 'ಹೋಗಿ ಬರ್ತೀನಿ' ಇದ್ದಂಗೆ. ನಾನೂ ಅವರಿಗೆ ಅದನ್ನೇ ಹೇಳಿ ಹೊರಡುತ್ತಿದ್ದೆ.