ಕೋಸ್ಟಾ ಡೆಲ್ ಸೋಲ್: ಮರಳು ದಾಟಿ ನೋಡುವುದು ಹೇಗೆ?

ಸ್ಪೇನಿನ ದಕ್ಷಿಣದ ಆಂಡಲೂಸಿಯಾದಲ್ಲಿ, ಮಾಲಗಾ ಪ್ರಾಂತ್ಯದ ಮೆಡಿಟರೇನಿಯನ್ ತೀರಕ್ಕೆ ಕೋಸ್ಟಾ ಡೆಲ್ ಸೋಲ್ ಎಂದು ಹೆಸರು. ಸೂರ್ಯನ ಕರಾವಳಿ ಎಂದರ್ಥ. ಚಳಿ ದೇಶದವರು ಅಲ್ಲಿಗೆ ಹೋಗುವುದು ಮರಳಿನ ಮೇಲೆ ಮಲಗಿ ಮೈ ಕಾಯಿಸಿಕೊಳ್ಳಲು. ಬಿಸಿಲು ನಮಗೆ ಊರಲ್ಲೇ ಬೇಕಾದಷ್ಟಿದೆ. ಅವರ ಪ್ಯಾಕೇಜನ್ನೇ ನಾವೂ ಕೊಂಡರೆ ಅಲ್ಲಿನ ಕೋಟೆ, ಗುಹೆ, ಬೆಟ್ಟದೂರುಗಳು ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಪ್ರವಾಸವನ್ನು ನಾವೇ ಹೊಂದಿಸಿಕೊಳ್ಳಬೇಕು.

ಮೊದಲು ತಿಂಗಳು ಆರಿಸಿ. ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಸೆಕೆ, ಜನ, ಹೋಟೆಲ್ ದರ ಮೂರೂ ಒಟ್ಟಿಗೆ ಏರುತ್ತವೆ. ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳ ಮೊದಲಿನಿಂದಲೇ ಅರ್ಜಿ ಹಾಕಬಹುದು; ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೆಂಗಳೂರಿನಿಂದ ಹೊರಟರೆ ಕೊಲ್ಲಿಯಲ್ಲೋ ಯುರೋಪಿನಲ್ಲೋ ವಿಮಾನ ಬದಲಿಸಬೇಕು. ಮ್ಯಾಡ್ರಿಡ್‌ನಲ್ಲಿ ಇಳಿದರೆ ಅಲ್ಲಿಂದ ಮಾಲಗಾಕ್ಕೆ ವೇಗದ ರೈಲಿನಲ್ಲಿ ಸುಮಾರು ಎರಡೂವರೆ–ಮೂರು ಗಂಟೆ.

ವಾಸ್ತವ್ಯ ಮಾಲಗಾ ನಗರದಲ್ಲೇ ಇರಲಿ. ಇದನ್ನು ಒತ್ತಿ ಹೇಳುತ್ತೇನೆ. ಕಡಲಿಗಂಟಿದ ರೆಸಾರ್ಟ್‌ನಲ್ಲಿ ಉಳಿದವರಿಗೆ ಎಲ್ಲಿಗೆ ಹೋಗಬೇಕೆಂದರೂ ಟ್ಯಾಕ್ಸಿಯೇ ಗತಿಯಾಗುತ್ತದೆ. ನಗರದಲ್ಲಿದ್ದರೆ ಸಿ–1 ಎಂಬ ಲೋಕಲ್ ರೈಲು ಕೈಯಳತೆಯಲ್ಲಿರುತ್ತದೆ. ವಿಮಾನ ನಿಲ್ದಾಣದಿಂದ ನಿಮ್ಮನ್ನು ಊರಿಗೆ ಮುಟ್ಟಿಸುವುದೂ ಅದೇ, ತೊರೆಮೊಲಿನೋಸ್ ಹಾಗೂ ಫುಎನ್‌ಹಿರೋಲಾದ ಕಡಲತೀರಗಳಿಗೆ ಒಯ್ಯುವುದೂ ಅದೇ. ಮರಳಿಗೆ ಒಂದು ಸಂಜೆ ಸಾಕು. ಅಲ್ಲಿ ಮರಳು ತುಂಬಿದ ಹಳೇ ದೋಣಿಯಲ್ಲಿ ಕೆಂಡ ಹಾಕಿ, ಬಿದಿರಿನಂಥ ಕಡ್ಡಿಗೆ ಬೂತಾಯಿ ಪೋಣಿಸಿ ಸುಡುತ್ತಾರೆ. ಅದಕ್ಕೆ ಎಸ್ಪೆತೋ ಎನ್ನುತ್ತಾರೆ. ಮೀನು ತಿನ್ನುವವರು ಬಿಡಬೇಡಿ.

ಮೊದಲ ಬೆಳಿಗ್ಗೆ ನಗರಕ್ಕೆ. ರೋಮನ್ ರಂಗಮಂದಿರದಿಂದ ನಡಿಗೆ ಶುರುಮಾಡಿ. ನೂರಾರು ವರ್ಷ ಮಣ್ಣಿನಡಿ ಮರೆತುಹೋಗಿದ್ದ ಇದು ಪತ್ತೆಯಾದದ್ದು 1951ರಲ್ಲಿ. ಅದರ ನೆತ್ತಿಯ ಮೇಲೆಯೇ 11ನೇ ಶತಮಾನದ ಮೂರಿಷ್ (ಆಗ ಇಲ್ಲಿ ಆಳುತ್ತಿದ್ದ ಮುಸ್ಲಿಮರ) ಕೋಟೆ ಅಲ್ಕಸಾಬಾ. ಕೋಟೆಯ ಒಂದು ಬಾಗಿಲಿಗೆ ಹಳೆಯ ರೋಮನ್ ಕಂಬಗಳನ್ನೇ ನಿಲ್ಲಿಸಿದ್ದಾರೆ. ಅಲ್ಲಿ ಎರಡು ನಿಮಿಷ ನಿಂತು ನೋಡಿ. ಬಿಸಿಲೇರುವ ಮೊದಲೇ ಇನ್ನೂ ಮೇಲಿನ ಹಿಬ್ರಾಲ್ಫಾರೋ ಕೋಟೆಗೆ ಹತ್ತಿದರೆ ಬಂದರು, ಗೂಳಿ ಕಾಳಗದ ದುಂಡನೆಯ ಅಂಗಳ, ಒಂದೇ ಗೋಪುರದ ಕೆಥೆಡ್ರಲ್ ಎಲ್ಲವೂ ಕೆಳಗೆ ಹರಡಿಕೊಳ್ಳುತ್ತವೆ. ಎರಡನೇ ಗೋಪುರ ಪೂರ್ತಿಯಾಗಲೇ ಇಲ್ಲ, ಊರವರು ಅದನ್ನು 'ಲಾ ಮಂಕೀತಾ', ಅಂದರೆ ಒಂಟಿಗೈಯವಳು ಎಂದು ಪ್ರೀತಿಯಿಂದ ಕರೆಯುತ್ತಾರೆ. ಇಳಿದು ಬಂದರೆ ಪಿಕಾಸೊ 1881ರಲ್ಲಿ ಹುಟ್ಟಿದ ಮನೆ, 2003ರಲ್ಲಿ ತೆರೆದ ಅವರ ಮ್ಯೂಸಿಯಂ, ಎರಡೂ ನಡಿಗೆಯ ದೂರ.

ಎರಡನೇ ದಿನವನ್ನು ಪೂರ್ವದ ನೆರ್ಹಾಕ್ಕೆ ಇಡಿ. ರೈಲಿಲ್ಲ, ಬಸ್ಸು ಹಿಡಿಯಬೇಕು. ಟಿಕೆಟ್ ಕೇಳುವಾಗ ನೆನಪಿಡಿ: ಬೋರ್ಡಿನಲ್ಲಿ 'ಜೆ' ಕಂಡರೂ ಬಾಯಲ್ಲಿ 'ಹ'. 'ನೆರ್ಜಾ' ಎಂದರೆ ಅರ್ಥವಾಗುವುದು ಕಷ್ಟ. ಇಲ್ಲಿನ ಗುಹೆಯನ್ನು 1959ರಲ್ಲಿ ಬಾವಲಿ ಹುಡುಕಿಕೊಂಡು ಹೋದ ಐವರು ಹುಡುಗರು ಕಂಡುಹಿಡಿದರು. ಒಳಗೆ 32 ಮೀಟರ್ ಎತ್ತರದ ಸುಣ್ಣಕಲ್ಲಿನ ಕಂಬವಿದೆ. ಹನಿ ಹನಿ ನೀರಿನಿಂದ ಬೆಳೆದ ಕಂಬ ಅದು!

ಗುಹೆಯ ಹತ್ತಿರದ ಕಣಿವೆಯಲ್ಲಿ ನಾಲ್ಕು ಅಂತಸ್ತಿನ ಕಮಾನು ಸೇತುವೆಯಿದೆ. ರೋಮನ್ನರದ್ದೆಂದು ತೋರಿದರೂ ಇದು 19ನೇ ಶತಮಾನದ್ದು. ಕಟ್ಟಿದ್ದು ಮಾರೋ ಊರಿನ ಸಕ್ಕರೆ ಕಾರ್ಖಾನೆಗೆ ನೀರು ಹರಿಸಲು. ಯುರೋಪಿನಲ್ಲಿ ಕಬ್ಬೇ ಎಂದು ನನಗೆ ಆಶ್ಚರ್ಯವಾಗಿತ್ತು. ಹಿಂದಿನ ಬೆಟ್ಟಸಾಲು ಉತ್ತರದ ಚಳಿಗಾಳಿ ತಡೆಯುವುದರಿಂದ ಇಲ್ಲಿ ಮಾವೂ ಬೆಳೆಯುತ್ತದೆ. ಏಷ್ಯಾದ ಕಬ್ಬು ಇಲ್ಲಿ ಬೇರು ಬಿಟ್ಟದ್ದು ಅರಬ್ಬರ ಆಳ್ವಿಕೆಯ ಕಾಲದಲ್ಲಿ.

ಮಧ್ಯಾಹ್ನ ನೆರ್ಹಾದಿಂದ ಇನ್ನೊಂದು ಬಸ್ಸು ಹತ್ತಿ ಫ್ರಿಹಿಲಿಯಾನಾಕ್ಕೆ ಹೋಗಿ. ಸುಣ್ಣ ಬಳಿದ ಮನೆಗಳು, ಕಲ್ಲು ಹಾಸಿದ ಮೆಟ್ಟಿಲ ಬೀದಿಗಳು. ಗಟ್ಟಿ ಚಪ್ಪಲಿ ಇರಲಿ. ಯುರೋಪಿನ ಮುಖ್ಯಭೂಮಿಯಲ್ಲಿ 'ಮಿಯೆಲ್ ದೆ ಕಾನ್ಯಾ' ಮಾಡುವ ಕಾರ್ಖಾನೆ ಉಳಿದಿರುವುದು ಈ ಊರಲ್ಲಿ ಮಾತ್ರ. ಕಬ್ಬಿನ ಜೇನು ಎಂದು ಅದರ ಅರ್ಥ; ರುಚಿ ನೋಡಿದರೆ ನಮ್ಮ ಜೋನಿಬೆಲ್ಲದ ದಾಯಾದಿ, ಬಣ್ಣ ಮಾತ್ರ ಇನ್ನೂ ಕಪ್ಪು. ಕರಿದ ಬದನೆಕಾಯಿಯ ಮೇಲೆ ಇದನ್ನು ಸುರಿದು ಕೊಡುತ್ತಾರೆ. ಸಸ್ಯಾಹಾರಿಗಳಿಗೆ ಈ ಕರಾವಳಿಯಲ್ಲಿ ಇದಕ್ಕಿಂತ ಒಳ್ಳೆಯ ತಟ್ಟೆ ನನಗೆ ಸಿಗಲಿಲ್ಲ. ಉಳಿದ ಕಡೆ 'ಸಿನ್ ಕಾರ್ನೆ, ಸಿನ್ ಪೆಸ್ಕಾದೋ, ಸಿನ್ ಹಾಮೋನ್' ಎನ್ನಿ: ಮಾಂಸ, ಮೀನು, ಹಂದಿ ಹ್ಯಾಮ್ ಬೇಡ. ಹ್ಯಾಮ್ ಬೇಡವೆಂದು ಬೇರೆಯಾಗಿಯೇ ಹೇಳಬೇಕು, ತಣ್ಣನೆಯ ಟೊಮೆಟೊ ಸಾರಿನ ಮೇಲೂ ಉದುರಿಸಿರುತ್ತಾರೆ.

ಒಂದು ದಿನ ಹೆಚ್ಚಿದ್ದರೆ ಒಳನಾಡಿನ ಬೆಟ್ಟದೂರು ರೋಂಡಾ ಸೇರಿಸಿ. ಆಳ ಕಮರಿಯ ಮೇಲೆ 1793ರಲ್ಲಿ ಮುಗಿದ ಸೇತುವೆಯೊಂದಕ್ಕೇ ಆ ದೂರ ಸಾರ್ಥಕ.

ಫ್ರಿಹಿಲಿಯಾನಾದಲ್ಲಿ ಇಳಿದ ಕೂಡಲೇ ಕೊನೆಯ ಬಸ್ಸಿನ ಸಮಯವನ್ನು ನಿಲ್ದಾಣದಲ್ಲೇ ಬರೆದುಕೊಳ್ಳಿ. ಕಬ್ಬಿನ ಜೇನಿನ ಬಾಟಲಿ ಕೊಂಡರೆ ಎರಡು ಬಟ್ಟೆ ಸುತ್ತಿ ಚೆಕ್–ಇನ್ ಬ್ಯಾಗಿಗೇ ಹಾಕಿ. ಕೈಚೀಲದಲ್ಲಿ 100 ಮಿಲಿಲೀಟರ್ ಮೀರಿದ ದ್ರವವನ್ನು ಹಲವು ವಿಮಾನ ನಿಲ್ದಾಣಗಳಲ್ಲಿ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಅದು ನೀರುದೋಸೆಯ ಜೊತೆ ಒಂದೇ ವಾರದಲ್ಲಿ ಖಾಲಿಯಾಯಿತು.