ಶಿವರಾತ್ರಿಯಿಂದ ಯುಗಾದಿವರೆಗೆ, ಮೂರು ವರ್ಷದ ಮಗಳ ಜೊತೆ

ನಮ್ಮ ಕಡೆ ಶಿವರಾತ್ರಿ ಬಂತು ಅಂದ್ರೆ ಬಿಸಿಲು ಏರೋಕೆ ಶುರು, ಹಬ್ಬಗಳೂ ಬೆನ್ನುಬೆನ್ನಿಗೆ ಬರುತ್ತವೆ. ಸಿದ್ಧಾರೂಢರ ತೇರು, ಕಾಮಣ್ಣ, ಬಣ್ಣ, ಯುಗಾದಿ. ಸಣ್ಣ ಮಗು ಇರುವ ಮನೆಯಲ್ಲಿ ಪ್ರತಿ ಹಬ್ಬಕ್ಕೂ ಒಂದೇ ಚರ್ಚೆ: ಕರ್ಕೊಂಡು ಹೋಗೋದಾ, ಬೇಡವಾ? ನಮ್ಮನೆಯಲ್ಲಿ ಕರ್ಕೊಂಡು ಹೋಗ್ತೀವಿ. ಆದರೆ ಹಬ್ಬದ ಪೂರ್ತಿ ಗದ್ದಲಕ್ಕಲ್ಲ, ಮಗಳ ಕೈಗೆ ಎಟುಕುವ ಒಂದು ತುಣುಕಿಗೆ ಮಾತ್ರ. ಉಳಿದದ್ದು ಮುಂದಿನ ವರ್ಷಗಳಿಗೆ ಇರಲಿ.

ನಾವಿರೋದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಹೆಂಡತಿಯ ತವರು ಧಾರವಾಡ, ನನ್ನ ಊರು ಶಿಗ್ಗಾವಿ ತಾಲೂಕಿನ ಒಂದು ಹಳ್ಳಿ. ಹೀಗಾಗಿ ನಮ್ಮ ತಿರುಗಾಟ ಎಲ್ಲ ಈ ಸುತ್ತಲೇ. ಮಗಳಿಗೆ ಮಧ್ಯಾಹ್ನ ಒಂದು ಗಂಟೆಗೆ ನಿದ್ದೆ ಬೇಕೇ ಬೇಕು. ಆ ನಿದ್ದೆ ತಪ್ಪಿದರೆ ಸಂಜೆ ಯಾರಿಗೂ ಹಬ್ಬ ಇಲ್ಲ. ಅದಕ್ಕೇ ದೂರದ ಜಾಗಕ್ಕೆ ಬೆಳಿಗ್ಗೆ ಆರೂವರೆಗೆ ಹೊರಡ್ತೀವಿ, ಹನ್ನೊಂದಕ್ಕೆ ಕಾರು ವಾಪಸ್ ತಿರುಗಿಸ್ತೀವಿ. ದಾರಿಯಲ್ಲೇ ನಿದ್ದೆ ಬಂದರೆ ಇನ್ನೂ ಒಳ್ಳೆಯದು. ಒಂದು ದಿನಕ್ಕೆ ಒಂದೇ ಜಾಗ. "ಇಷ್ಟು ದೂರ ಬಂದೀವಿ, ಅದನ್ನೂ ನೋಡ್ಕೊಂಡು ಹೋಗೂಣು" ಅನ್ನೋ ಮಾತಿಗೆ ನಾನು ಕಿವಿ ಕೊಡೋದು ಬಿಟ್ಟಿದ್ದೀನಿ.

ಶಿವರಾತ್ರಿಯ ಆಸುಪಾಸಿಗೆ ನನ್ನ ಮೊದಲ ಆಯ್ಕೆ ಮಾಗಡಿ ಕೆರೆ. ಬೆಂಗಳೂರಿನ ಹತ್ತಿರದ ಮಾಗಡಿ ಅಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲೂಕಿನದು. ಪಟ್ಟೆ ತಲೆಯ ಹೆಬ್ಬಾತುಗಳು ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ನವೆಂಬರ್ ಹೊತ್ತಿಗೆ ಇಲ್ಲಿಗೆ ಬರುತ್ತವೆ, ಬಿಸಿಲು ಜೋರಾಗುವ ಮಾರ್ಚ್‌ನಲ್ಲಿ ಹೊರಟು ಹೋಗುತ್ತವೆ. ಯುಗಾದಿ ರಜೆಗೆ ನೋಡೋಣ ಅಂತ ಮುಂದೂಡಿದರೆ ಖಾಲಿ ನೀರು ನೋಡಿ ಬರಬೇಕಾದೀತು. ಕೆರೆ ದೊಡ್ಡದಲ್ಲ, 50 ಹೆಕ್ಟೇರ್‌ಗಿಂತ ತುಸು ಜಾಸ್ತಿ. 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಹೆಬ್ಬಾತುಗಳು ಸುತ್ತಲಿನ ಹೊಲಗಳಲ್ಲಿ ಮೇಯ್ದು, ಬಿಸಿಲೇರುವ ಹೊತ್ತಿಗೆ ನೀರಿಗೆ ಬಂದು ಇಳಿಯುತ್ತವೆ. ಮಗುವಿಗೆ ನೋಡಬೇಕಾದದ್ದು ಆ ಇಳಿಯುವ ಗಳಿಗೆ. ಬೈನಾಕ್ಯುಲರ್ ಆ ವಯಸ್ಸಿಗೆ ಹೊಂದಲ್ಲ, ಮಕ್ಕಳು ಒಂದು ಕಣ್ಣು ಮುಚ್ಚಿಕೊಂಡು ತಮ್ಮ ರೆಪ್ಪೆಯನ್ನೇ ನೋಡ್ತಾ ಇರುತ್ತವೆ. ಸದ್ದು ಸಾಕು. ಗುಂಪು ಮೇಲೆ ಬಂದಾಗ ಮಗಳು ನನ್ನ ಹೆಗಲ ಮೇಲೆ ಕೂತು ತಲೆ ಎತ್ತಿ ಬಾಯಿ ತೆರೆದುಕೊಂಡೇ ಇದ್ದಳು. ಆಮೇಲೆ ಕೆರೆ ಏರಿಯ ಮೇಲೆ ಬಂದ ಎಮ್ಮೆಕರುವಿನ ಹಿಂದೆ ಹೋದಳು, ಅದೇ ಅವಳಿಗೆ ಹೆಬ್ಬಾತಿಗಿಂತ ದೊಡ್ಡ ಸಂಗತಿ. ಹೋಗಲಿ ಬಿಡಿ, ಎಮ್ಮೆಕರುವೂ ಪ್ರಾಣಿಯೇ ಅಲ್ವಾ.

ಸಿದ್ಧಾರೂಢ ಮಠದ ತೇರು ಶಿವರಾತ್ರಿಯ ಮರುದಿನ ಸಂಜೆ. ಬಾಳೆಹಣ್ಣು, ಉತ್ತತ್ತಿ ತೂರಿ ಬರುವ ಆ ಜನಸಾಗರಕ್ಕೆ ಮೂರು ವರ್ಷದ ಮಗುವನ್ನು ನಾನು ಒಯ್ಯೋದಿಲ್ಲ. ಹೆಗಲ ಮೇಲೆ ಕೂರಿಸಿಕೊಂಡರೂ ಆ ನೂಕುನುಗ್ಗಲಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ. ನಾವು ಹೋಗೋದು ತೇರಾದ ನಂತರ, ಬೆಳಿಗ್ಗೆ. ಮಠದಲ್ಲಿ ದರ್ಶನ ಆರಾಮ, ಎಳೆದು ನಿಲ್ಲಿಸಿದ ತೇರನ್ನು ಹತ್ತಿರ ನಿಂತು ನೋಡಬಹುದು, ಗಾಲಿ ತನಗಿಂತ ಎಷ್ಟು ಎತ್ತರ ಅಂತ ಮಗು ಅಳೆಯಬಹುದು. ಜಾತ್ರೆಯ ಅಂಗಡಿಗಳೂ ಇನ್ನೂ ಇರುತ್ತವೆ. ಬೆಂಡು ಬೆತ್ತಾಸು, ಒಂದು ಆಟದ ಸಾಮಾನು, ಅಷ್ಟೇ. ಬಲೂನು ಮಾತ್ರ ಕೊಡಿಸಲ್ಲ. ಒಡೆದ ಚೂರನ್ನು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗದ್ದಲ ಕಮ್ಮಿ ಇದ್ದರೂ ಫೋನ್ ನಂಬರ್ ಬರೆದ ಚೀಟಿ ಅವಳ ಜೇಬಲ್ಲಿ ಇರುತ್ತದೆ. ಜೇಬಿಲ್ಲದ ಫ್ರಾಕ್ ಆದರೆ ಒಳಗಡೆ ಪಿನ್ನು.

ಇನ್ನು ಹೋಳಿ. ಇದರಲ್ಲಿ ಹುಬ್ಬಳ್ಳಿ-ಧಾರವಾಡದವರಿಗೆ ಬೇರೆ ಯಾರಿಗೂ ಇಲ್ಲದ ಒಂದು ಅನುಕೂಲ ಇದೆ. ಧಾರವಾಡದಲ್ಲಿ ಬಣ್ಣ ಆಡೋದು ಹುಣ್ಣಿಮೆ ಮುಗಿದ ಕೂಡಲೇ. ಹುಬ್ಬಳ್ಳಿಯಲ್ಲಿ ಐದನೇ ದಿನ, ರಂಗಪಂಚಮಿಗೆ. ನಡುವೆ ಇರೋದು ಇಪ್ಪತ್ತು ಕಿಲೋಮೀಟರ್ ದಾರಿ. ಅದಕ್ಕೇ ಧಾರವಾಡದಲ್ಲಿ ಬಣ್ಣದ ದಿನ ನಾವು ಹುಬ್ಬಳ್ಳಿಯ ನಮ್ಮ ಮಾಳಿಗೆ ಮೇಲೆ ಮನೆಮಂದಿ ಅಷ್ಟೇ ಆಡ್ತೀವಿ. ಕೆಳಗೆ ಬೀದಿ ಸುಮ್ನೆ ಇರುತ್ತದೆ, ಮುಗಿಸಿ ಪೇಟೆಗೂ ಹೋಗಿ ಬರಬಹುದು. ಹುಬ್ಬಳ್ಳಿಯ ರಂಗಪಂಚಮಿಗೆ ಹಿಂದಿನ ರಾತ್ರಿಯೇ ಧಾರವಾಡದ ಅಜ್ಜಿ ಮನೆ ಸೇರಿಕೊಳ್ತೀವಿ. ಬೆಳಿಗ್ಗೆ ಹೊರಟರೆ ದಾರಿಯಲ್ಲೇ ಬಣ್ಣ ಮೆತ್ತಿಸಿಕೊಳ್ಳಬೇಕು. ಡಿಜೆ, ಆಯಿಲ್ ಪೇಂಟ್, ಮೊಟ್ಟೆ ಇವೆಲ್ಲ ಅವಳು ದೊಡ್ಡವಳಾದ ಮೇಲೆ ತಾನೇ ನೋಡಿಕೊಳ್ತಾಳೆ.

ಕಾಮಣ್ಣನನ್ನು ತೋರಿಸ್ತೀವಿ, ಸುಡೋದನ್ನಲ್ಲ. ಓಣಿಗಳಲ್ಲಿ ಕಾಮ-ರತಿಯರನ್ನು ಕೂಡಿಸಿರುತ್ತಾರಲ್ಲ, ಹಗಲು ಹೊತ್ತಿನಲ್ಲಿ ಹೋದರೆ ಗದ್ದಲ ಇರಲ್ಲ. ಹಲಗಿ ಬಾರಿಸುವ ಹುಡುಗರು ಸಿಗ್ತಾರೆ. ಮೊದಲು ಆ ಸದ್ದಿಗೆ ಮಗಳು ಹೆದರುತ್ತಿದ್ದಳು. ದೂರದಿಂದ ಶುರು ಮಾಡಿದೆವು: ರಸ್ತೆಯ ಈಚೆ ನಿಂತು ಕೇಳೋದು, ಕಿವಿ ಮುಚ್ಚಿ ಬಿಡೋದು, ಆಮೇಲೆ ನಾಲ್ಕು ಹೆಜ್ಜೆ ಹತ್ತಿರ. ಒಬ್ಬ ಹುಡುಗ "ಬಾ ತಂಗಿ, ನೀನೂ ಬಾರಸ" ಅಂತ ತಾನೇ ಹಲಗಿ ಮುಂದೆ ಹಿಡಿದ. ಅವಳು ಕೈಯಿಂದ ಒಂದೇ ಒಂದು ಸಲ ತಟ್ಟಿ ನನ್ನ ಹಿಂದೆ ಬಂದು ಅಡಗಿದಳು. ಈಗ ಮನೆಯ ಡಬ್ಬಗಳಿಗೆಲ್ಲ ಕೆಲಸ.

ಬಣ್ಣ ಮನೆಯಲ್ಲೇ ಮಾಡ್ತೀವಿ. ಫೆಬ್ರವರಿ-ಮಾರ್ಚ್‌ನಲ್ಲಿ ಕಲಘಟಗಿ ಕಡೆ ಹೋದರೆ ಮುತ್ತಲ ಮರ ಎಲೆ ಉದುರಿಸಿ ಬರೀ ಹೂವಲ್ಲಿ ನಿಂತಿರುತ್ತದೆ. ಕೊಂಬೆ ಮುರಿಯೋದು ಬೇಡ, ಕೆಳಗೆ ಬಿದ್ದದ್ದೇ ಬೇಕಾದಷ್ಟು. ಆರಿಸೋದು ಮಗಳ ಕೆಲಸ. "ಅಪ್ಪ, ಗಿಣಿ ಮೂಗು!" ಅಂತ ಒಂದೊಂದನ್ನೂ ತೋರಿಸಿಯೇ ಚೀಲಕ್ಕೆ ಹಾಕೋದು. ಮನೆಗೆ ಬಂದು ಹೂವು ತೊಳೆದು, ಕುದಿಯುವ ನೀರು ಸುರಿದು ರಾತ್ರಿ ಇಡೀ ಮುಚ್ಚಿಟ್ಟರೆ ಬೆಳಿಗ್ಗೆಗೆ ಕೇಸರಿ ಬಣ್ಣದ ನೀರು ಸಿದ್ಧ. ಬಟ್ಟೆಯಲ್ಲಿ ಸೋಸಲೇಬೇಕು, ಇಲ್ಲಾಂದ್ರೆ ಎಸಳಿನ ನಾರು ಕಟ್ಟಿಕೊಳ್ಳುತ್ತದೆ. ಸುಣ್ಣ ಹಾಕಿದರೆ ಬಣ್ಣ ಗಾಢವಾಗುತ್ತದೆ. ಮಗುವಿನ ಚರ್ಮಕ್ಕೆ ಸುಣ್ಣ ಬೇಡ, ತಿಳಿ ಬಣ್ಣವೇ ಇರಲಿ. ಗುಲಾಬಿಗೆ ಬೀಟ್‌ರೂಟ್ ತುರಿದು ಹಿಂಡಿದ ನೀರು, ಒಣ ಹಳದಿಗೆ ಕಡಲೆ ಹಿಟ್ಟು-ಅರಿಷಿಣ. ಅಂಗಳಕ್ಕೆ ಬಿದ್ದರೂ ಚಿಂತೆ ಇಲ್ಲ. ಅರಿಷಿಣದ ಕಲೆ ಮಾತ್ರ ಬಟ್ಟೆ ಬಿಡಲ್ಲ, ಅದಕ್ಕೆ ಹಳೆ ತುಂಬುತೋಳಿನ ಅಂಗಿ.

ಪಿಚಕಾರಿಯ ವಿಷಯ ಹೇಳಲೇಬೇಕು. ಅಂಗಡಿಯಲ್ಲಿ ಸಿಗೋ ಪಿಚಕಾರಿಯ ದಂಡ ಎಳೆಯೋಕೆ ಈ ವಯಸ್ಸಿನ ಕೈಗೆ ಬಲ ಸಾಲದು. ಎಳೆದು ಎಳೆದು ಕೊನೆಗೆ ಅಳು. ನಾನು ಮಾಡೋದು ಇಷ್ಟೇ: ಅರ್ಧ ಲೀಟರಿನ ನೀರಿನ ಬಾಟಲಿ ತಗೊಂಡು, ಬಿಸಿ ಮಾಡಿದ ದಬ್ಬಣದಿಂದ ಮುಚ್ಚಳಕ್ಕೆ ನಾಲ್ಕೈದು ತೂತು. ಬಾಟಲಿ ತೆಳುವಾಗಿದ್ದಷ್ಟೂ ಒಳ್ಳೆಯದು, ಎರಡೂ ಕೈಯಲ್ಲಿ ಅಮುಕಿದರೆ ಚಿಮ್ಮುತ್ತದೆ. ದೂರ ಹೋಗಲ್ಲ, ಕಣ್ಣಿಗೆ ಜೋರಾಗಿ ಹೊಡೆಯಲ್ಲ. ನೀರಿನ ಬಕೆಟ್ ಬೆಳಿಗ್ಗೆಯೇ ಬಿಸಿಲಿಗೆ ಇಟ್ಟಿರಬೇಕು, ಹತ್ತು ಗಂಟೆಗೆ ಉಗುರು ಬೆಚ್ಚಗಾಗಿರುತ್ತದೆ. ಮೈಗೆ, ತಲೆಗೆ, ಕಿವಿಯ ಹಿಂದೆ ಕೊಬ್ಬರಿ ಎಣ್ಣೆ. ಅರ್ಧ ಗಂಟೆ ಆಟ, ಆಮೇಲೆ ಸ್ನಾನ, ಹೋಳಿಗೆ, ನಿದ್ದೆ.

ಹೋಳಿ ಹಬ್ಬಕ್ಕೆ ಅವಳ ಸೋದರಮಾವ ಸಕ್ಕರೆ ಸರ ತರ್ತಾನೆ. ಕೊರಳಿಗೆ ಹಾಕಿ ಫೋಟೋ ತೆಗೆದ ಮೇಲೆ ಬಿಚ್ಚಿಸೋದೇ ದೊಡ್ಡ ಸಾಹಸ. ಬಿಳಿ ಸರ ಆದರೆ ಒಂದು ಬಿಲ್ಲೆ ಪುಡಿ ಮಾಡಿ ತಿನ್ನಿಸ್ತೀವಿ. ಗಾಢ ಬಣ್ಣದ್ದಾದರೆ ಅದು ಫೋಟೋಕ್ಕೆ ಮಾತ್ರ. ಉಳಿದದ್ದು ಇರುವೆ ಬರದ ಡಬ್ಬಕ್ಕೆ.

ದೂರ ಹೋಗೋಕೆ ಆಗದ ಭಾನುವಾರಗಳಿಗೆ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ ಇದೆ. ನಿಲ್ದಾಣದ ಕಟ್ಟೆ ಬಸ್ಸಿನ ಮಟ್ಟಕ್ಕೇ ಇರೋದರಿಂದ ಮಗು ತಾನೇ ನಡೆದು ಹತ್ತುತ್ತದೆ, ಒಳಗೆ ಎಸಿ. ಧಾರವಾಡದವರೆಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಸಾಧನಕೇರಿ. ಬೇಂದ್ರೆಯವರ ಮನೆ ಎದುರಿನ ಕೆರೆ, ಉದ್ಯಾನ. ಬರುವಾಗ ಪೇಡಾ. ಮಗಳನ್ನು ಕೇಳಿದರೆ ಅವತ್ತು ನೋಡಿದ್ದು ಬಸ್ ಮಾತ್ರ.

ಯುಗಾದಿಗೆ ನಮ್ಮ ಹಳ್ಳಿ. ಬೆಳಿಗ್ಗೆ ಎಣ್ಣೆ ಸ್ನಾನ, ಬಿಸಿನೀರಿಗೆ ಬೇವಿನ ಎಲೆ. ಹಬ್ಬದ ಅಡುಗೆಮನೆಯಲ್ಲಿ ಸಣ್ಣ ಮಕ್ಕಳು ಕಾಲಿಗೆ ಸಿಗ್ತಾರೆ ಅಂತ ಎಲ್ಲರೂ ಹೊರಗೆ ಕಳಿಸ್ತಾರೆ. ನಮ್ಮವ್ವ (ಮಗಳಿಗೆ ಆಯಿ) ಹಾಗಲ್ಲ. ಮೊಮ್ಮಗಳನ್ನು ಪಡಸಾಲೆಯಲ್ಲಿ ಕೂರಿಸಿ ಮುಂದೆ ಒಂದು ಮೊರ, ಅದರಲ್ಲಿ ಬೇವಿನ ಹೂವಿನ ಗೊಂಚಲು. ಎರಡೂ ಅಂಗೈ ನಡುವೆ ಮೆಲ್ಲಗೆ ಹೊಸೆದರೆ ಹೂವು ಉದುರುತ್ತದೆ, ಕಡ್ಡಿ ಕೈಯಲ್ಲಿ ಉಳಿಯುತ್ತದೆ. ಮಗು ಹೊಸೆದಾಗ ಕಡ್ಡಿಯೂ ಪುಡಿಯಾಗುತ್ತದೆ, ಅವ್ವ ಮೊರ ಕೇರಿ ಆರಿಸಿಕೊಳ್ತಾಳೆ. ಹೆಚ್ಚುಕಮ್ಮಿ ಅರ್ಧ ಗಂಟೆ ಮಗು ಎದ್ದಿಲ್ಲ. ಯಾವ ಮೊಬೈಲೂ ಅಷ್ಟು ಹೊತ್ತು ಕೂರಿಸಲ್ಲ.

ನಮ್ಮ ಕಡೆ ಬೇವು ಅಂದ್ರೆ ಬರೀ ಎಲೆ-ಬೆಲ್ಲ ಅಲ್ಲ, ಲೋಟದಲ್ಲಿ ಕುಡಿಯೋದು. ಬೆಲ್ಲ ಕರಗಿಸಿ ಸೋಸಿ, ತುರಿದ ಮಾವಿನಕಾಯಿ, ತುಸು ಹುಣಸೆ ರಸ, ಪುಟಾಣಿ (ಹುರಿಗಡಲೆ) ಹಿಟ್ಟು, ಗಸಗಸೆ, ಕೊಬ್ಬರಿ, ಉತ್ತತ್ತಿ, ದ್ರಾಕ್ಷಿ, ಗೋಡಂಬಿ, ಕೊನೆಗೆ ಬೇವಿನ ಹೂವು. ಮಗಳ ಲೋಟಕ್ಕೆ ಹಾಕೋ ಮೊದಲು ಗೋಡಂಬಿ, ಉತ್ತತ್ತಿ ಎಲ್ಲ ಕುಟ್ಟಿ ಪುಡಿ ಮಾಡ್ತೀವಿ, ದ್ರಾಕ್ಷಿಯನ್ನು ಸಣ್ಣಗೆ ಹೆಚ್ಚುತ್ತೀವಿ. ಈ ವಯಸ್ಸಿನಲ್ಲಿ ಇಡೀ ಬೀಜ, ಶೇಂಗಾ, ಪುಟಾಣಿ ಕಾಳು ಶ್ವಾಸನಾಳಕ್ಕೆ ಹೋಗುವ ಭಯ ಇರುತ್ತದೆ.

"ಆಯಿ, ಕಹಿ ಐತಿ!"

"ಹೂವು ಯಾರು ಬಿಡಿಸ್ಯಾರ?"

"ನಾನು."

"ಹಂಗಾರ ಕುಡಿಬೇಕಾತಲ್ಲ."

ಸ್ವಲ್ಪ ಯೋಚಿಸಿ ಕುಡಿದಳು. ಲೋಟ ಪೂರ್ತಿ ಅಲ್ಲ, ಆದರೂ ಕುಡಿದಳು. ನಾವು ಒತ್ತಾಯ ಮಾಡಿದ್ದರೆ ಉಗುಳುತ್ತಿದ್ದಳು ಅನ್ನೋದು ನನಗೆ ಗ್ಯಾರಂಟಿ.

ಊರಿಂದ ಹುಬ್ಬಳ್ಳಿಗೆ ವಾಪಸ್ ಬರುವಾಗ ಹೆದ್ದಾರಿಯಲ್ಲೇ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಸಿಗುತ್ತದೆ. ಕಲಾವಿದ ಟಿ.ಬಿ. ಸೊಲಬಕ್ಕನವರ ಕನಸು ಅದು. ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನೇ ಆಳೆತ್ತರದ ಗೊಂಬೆಗಳಲ್ಲಿ ನಿಲ್ಲಿಸಿದ್ದಾರೆ: ಎತ್ತು, ಎಮ್ಮೆ, ಹೊಲದ ಕೆಲಸದವರು. ಸಣ್ಣ ಮಕ್ಕಳಿಗೆ ಇದು ಯಾಕೆ ಹಿಡಿಸುತ್ತದೆ ಅಂದ್ರೆ ಎಲ್ಲವೂ ಅವರಿಗೆ ಗೊತ್ತಿರುವಂಥದ್ದೇ, ಆದರೆ ಅಲ್ಲಾಡಲ್ಲ. ಮಗಳು ಒಂದು ಹಸುವಿನ ಬಾಯಿಗೆ ಹುಲ್ಲು ಹಿಡಿದು ಬಹಳ ಹೊತ್ತು ಕಾಯ್ದಳು. ಆಮೇಲೆ "ಇದಕ್ಕ ಹಸಿವಿಲ್ಲ" ಅಂತ ತೀರ್ಮಾನ ಮಾಡಿ ಮುಂದಿನ ಎಮ್ಮೆಗೆ ಹೋದಳು. ಇಡೀ ಗಾರ್ಡನ್ ನೋಡಿ ಮುಗಿಸಬೇಕು ಅಂತ ಹಟ ಬೇಡ. ಅರ್ಧ ನೋಡಿ, ನೆರಳಲ್ಲಿ ಕೂತು ಚಪಾತಿ-ಬೆಲ್ಲ, ಸೌತೆಕಾಯಿ ತಿಂದು ಹೊರಡಿ.

ಗದಗ ಹತ್ತಿರದ ಲಕ್ಕುಂಡಿ ನನಗೆ ಇಷ್ಟ, ಮಗುವಿನ ಜೊತೆ ಮಾತ್ರ ಲೆಕ್ಕ ಹಾಕಿ ಹೋಗಬೇಕು. ಕಾಶಿ ವಿಶ್ವೇಶ್ವರ ಗುಡಿಯ ಕೆತ್ತನೆ, ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಎಲ್ಲ ನಮಗೆ. ಮಗುವಿಗೆ ಅಲ್ಲಿ ಗೊತ್ತಾಗೋದು ಎರಡೇ: ಗುಡಿ ಒಳಗೆ ತಂಪು, ಹೊರಗಿನ ಹಾಸುಗಲ್ಲು ಸುಡುತ್ತದೆ. ಚಪ್ಪಲಿ ಬಿಡಬೇಕಲ್ಲ, ಮಾರ್ಚ್‌ನಲ್ಲಿ ಹತ್ತು ಗಂಟೆ ದಾಟಿದರೆ ಅಂಗಾಲು ತಾಳಲ್ಲ. ದಪ್ಪ ಕಾಲುಚೀಲ ಒಂದು ಜೊತೆ ಚೀಲದಲ್ಲಿ ಇರಲಿ. ಮುಸುಕಿನ ಬಾವಿಯ ಮೆಟ್ಟಿಲು ಕಂಡ ಕೂಡಲೇ ಮಕ್ಕಳಿಗೆ ಇಳಿಯುವ ಆಸೆ. ಅಲ್ಲಿ ಕೈ ಹಿಡಿದರೆ ಸಾಲದು, ಎತ್ತಿಕೊಂಡೇ ತೋರಿಸೋದು.

ಯುಗಾದಿ ಆದ ಮೇಲೆ ನಾವು ಹಗಲು ತಿರುಗಾಟ ನಿಲ್ಲಿಸಿಬಿಡ್ತೀವಿ. ಏಪ್ರಿಲ್ ಬಿಸಿಲಿಗೆ ಗದಗ, ಲಕ್ಷ್ಮೇಶ್ವರದ ಕಡೆ ಹೋಗೋದು ಸಣ್ಣ ಮಕ್ಕಳಿಗೆ ಶಿಕ್ಷೆ. ಐದೂವರೆ ನಂತರ ಉಣಕಲ್ ಕೆರೆ, ಇಲ್ಲ ನೃಪತುಂಗ ಬೆಟ್ಟ. ನಮಗೆ ಗಿರ್ಮಿಟ್, ಮಿರ್ಚಿ. ಅವಳಿಗೆ ಖಾರ ಹಾಕದ ಚುರಮುರಿ. ಮಧ್ಯಾಹ್ನ ಮೋಡ ಕಟ್ಟಿ ಗುಡುಗಿದ ದಿನ ಅದೂ ಇಲ್ಲ, ಅಡ್ಡಮಳೆ ಯಾವಾಗ ಬೀಳುತ್ತೋ ಹೇಳೋಕಾಗಲ್ಲ. ಮೇ ತಿಂಗಳ ರಜೆಗೆ ನಮ್ಮಕ್ಕನ ಮಕ್ಕಳು ಬರ್ತಾರೆ. ಅವರು ದೊಡ್ಡವರು, ಗದಗಿನ ಬಿಂಕದಕಟ್ಟಿ ಮೃಗಾಲಯಕ್ಕೆ ಹೋಗಲೇಬೇಕು ಅಂತ ಈಗಲೇ ಫೋನಲ್ಲಿ ಹೇಳಿ ಆಗಿದೆ. ಗೇಟು ತೆರೆಯುವ ಹೊತ್ತಿಗೇ ಒಳಗೆ ಹೋಗೋದು ಅನ್ನೋ ಷರತ್ತಿನ ಮೇಲೆ ಒಪ್ಪಿದ್ದೀನಿ.