ಅದೇ ಚಕ್ರ ಮತ್ತೆ ಪಂಕ್ಚರ್ ಆಗುವುದೇಕೆ?

ಸೈಕಲ್ಲಿಗೆ ಪಂಕ್ಚರ್ ಹಾಕಿ, ಗಾಳಿ ಹೊಡೆದು, ಕೈ ಒರೆಸಿಕೊಂಡು ಹೊರಟರೆ ಎರಡು ಕಿಲೋಮೀಟರಿಗೇ ಅದೇ ಚಕ್ರ ಮತ್ತೆ ಕೂತುಬಿಡುತ್ತದೆ. ಎಲ್ಲರೂ ಪ್ಯಾಚನ್ನು ಬೈಯುತ್ತಾರೆ. ಹೆಚ್ಚಿನ ಸಲ ಪ್ಯಾಚ್ ಸರಿಯಾಗಿಯೇ ಇರುತ್ತದೆ. ತೂತು ಮಾಡಿದ ಮುಳ್ಳೋ ತಂತಿಯೋ ಟೈರಿನೊಳಗೇ ಉಳಿದು ಪಕ್ಕದಲ್ಲಿ ಹೊಸ ತೂತು ಕೊರೆದಿರುತ್ತದೆ. ಆದ್ದರಿಂದ ತೂತು ಮುಚ್ಚುವ ಮೊದಲು ಅದು ಹೇಗಾಯಿತೆಂದು ಹುಡುಕಿ.

ಹಿಂದಿನ ಚಕ್ರವಾದರೆ ಮೊದಲು ಚೈನನ್ನು ಹಿಂಬದಿಯ ಅತಿ ಸಣ್ಣ ಹಲ್ಲುಚಕ್ರಕ್ಕೆ ಇಳಿಸಿ, ಚಕ್ರ ಸಲೀಸಾಗಿ ಹೊರಬರುತ್ತದೆ. ರಿಮ್ ಬ್ರೇಕ್ ಇದ್ದರೆ ಅದನ್ನು ಸಡಿಲಿಸಿ. ಹೈಡ್ರಾಲಿಕ್ ಡಿಸ್ಕ್ ಇದ್ದರೆ ಚಕ್ರ ಹೊರಗಿರುವಾಗ ಬ್ರೇಕ್ ಲಿವರ್ ಮುಟ್ಟಲೇಬೇಡಿ. ಪ್ಯಾಡುಗಳು ಒಂದಕ್ಕೊಂದು ಕಚ್ಚಿಕೊಂಡರೆ ಡಿಸ್ಕ್ ಮತ್ತೆ ಒಳಗೆ ಹೋಗುವುದಿಲ್ಲ.

ಉಳಿದ ಗಾಳಿಯನ್ನೂ ಪೂರ್ತಿ ಬಿಡಿ. ಟೈರಿನ ಎರಡೂ ಅಂಚುಗಳನ್ನು ಸುತ್ತಲೂ ಒತ್ತಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸಿ. ಆಮೇಲೆ ವಾಲ್ವಿಗೆ ಎದುರಿನ ಜಾಗದಲ್ಲಿ ಒಂದು ಟೈರ್ ಲಿವರ್ (ಟೈರಿನ ಅಂಚು ಎಬ್ಬಿಸುವ ಪಟ್ಟಿ) ಹಾಕಿ, ಅದರಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ಇನ್ನೊಂದು. ಸ್ಕ್ರೂಡ್ರೈವರ್ ಹಾಕಿದರೆ ಇರುವ ಒಂದು ತೂತಿಗೆ ಇನ್ನೊಂದು ಸೇರುತ್ತದೆ. ಟೈರಿನ ಒಂದು ಬದಿ ಬಿಚ್ಚಿದರೆ ಸಾಕು. ಟ್ಯೂಬ್ ಎಳೆಯುವ ಮುನ್ನ ವಾಲ್ವ್ ಟೈರಿನ ಯಾವ ಅಕ್ಷರದ ಎದುರಿತ್ತು, ಟ್ಯೂಬಿನ ಯಾವ ಮೈ ಚೈನಿನ ಕಡೆಗಿತ್ತು ಎಂದು ಗುರುತು ಹಾಕಿಕೊಳ್ಳಿ. ಇಡೀ ಕೆಲಸ ನಿಂತಿರುವುದು ಈ ಗುರುತಿನ ಮೇಲೆ.

ಟ್ಯೂಬ್ ಎರಡರಷ್ಟು ದಪ್ಪವಾಗುವವರೆಗೆ ಗಾಳಿ ತುಂಬಿ, ತುಟಿಯ ಹತ್ತಿರ ಹಿಡಿದು ನಿಧಾನಕ್ಕೆ ಸುತ್ತಿಸಿ. ಕಿವಿಗೆ ಕೇಳದ ಸಣ್ಣ ಗಾಳಿಯೂ ತುಟಿಗೆ ತಿಳಿಯುತ್ತದೆ. ಆಗಲಿಲ್ಲವೆಂದರೆ ನೀರಲ್ಲಿ ಮುಳುಗಿಸಿ. ಸಿಕ್ಕ ತೂತಿನ ಸುತ್ತ ಪೆನ್ನಿನಿಂದ ದೊಡ್ಡ ಕೂಡುಚಿಹ್ನೆ ಬರೆಯಿರಿ. ಚಿಕ್ಕ ಚುಕ್ಕೆಯಾದರೆ ಉಜ್ಜುವಾಗ ಅಳಿಸಿಹೋಗುತ್ತದೆ.

ಈಗ ತೂತನ್ನೇ ನೋಡಿ. ಪಕ್ಕಪಕ್ಕದಲ್ಲಿ ಎರಡು ಸೀಳಿದ್ದರೆ ಗಾಳಿ ಕಡಿಮೆ ಇದ್ದು, ಗುಂಡಿಗೋ ಕಲ್ಲಿಗೋ ಬಡಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಕತ್ತರಿಸಿದೆ. ಟೈರಿನೊಳಗೆ ಹುಡುಕಿದರೆ ಅಲ್ಲಿ ಏನೂ ಸಿಗದು. ತೂತು ರಿಮ್ಮಿನ ಕಡೆಗಿದ್ದರೆ ರಿಮ್ಮಿನೊಳಗೆ ಸುತ್ತಿದ ರಿಮ್ ಟೇಪ್ ಸರಿದಿದೆಯೇ, ಸ್ಪೋಕಿನ ಕಂಡಿ ಕಾಣುತ್ತಿದೆಯೇ ಎಂದು ನೋಡಿ. ವಾಲ್ವಿನ ಬುಡದಲ್ಲೇ ಹರಿದಿದ್ದರೆ ಆ ಟ್ಯೂಬ್ ಮುಗಿದಂತೆ, ಅಲ್ಲಿ ಪ್ಯಾಚ್ ನಿಲ್ಲುವುದಿಲ್ಲ. ಎಲ್ಲೂ ತೂತಿಲ್ಲವೇ? ವಾಲ್ವಿನ ಬಾಯಿಗೆ ಎಂಜಲು ಹಚ್ಚಿ. ಗುಳ್ಳೆ ಬಂದರೆ ಒಳಗಿನ ಕೋರ್ ಬಿಗಿ ಮಾಡಿ.

ಹೊರಮೈಯಲ್ಲಿ ಒಂದೇ ಸಣ್ಣ ತೂತಿದ್ದರೆ ಮಾತ್ರ ಆರಾಮಾಗಿ ಕೂತು ಹುಡುಕಬೇಕು. ಟ್ಯೂಬನ್ನು ಗುರುತಿನಂತೆ ಟೈರಿನ ಮೇಲಿಟ್ಟು, ತೂತಿನ ಎದುರಿನ ಜಾಗದ ಆಚೀಚೆ ಎರಡು ಮೂರು ಸೆಂಟಿಮೀಟರ್ ನೋಡಿ. ಬರಿಗೈ ಜೋರಾಗಿ ಸವರಬೇಡಿ, ಗಾಜಿದ್ದರೆ ಬೆರಳು ಸೀಳುತ್ತದೆ. ಹತ್ತಿ ಅಥವಾ ಹಳೇ ಬನಿಯನ್ ತುಂಡು ಸವರಿದರೆ ಮುಳ್ಳಿಗೆ ಎಳೆ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಕಾಡುವುದು ಸವೆದ ಲಾರಿ ಟೈರಿನಿಂದ ಉದುರಿದ ಉಕ್ಕಿನ ಎಳೆ. ಕೂದಲಿನಷ್ಟು ತೆಳು, ಒಂದೆರಡು ಮಿಲಿಮೀಟರ್ ಉದ್ದ. ಭಾರ ಬಿದ್ದಾಗಷ್ಟೇ ಒಳಗೆ ತಲೆ ಹಾಕುತ್ತದೆ, ಬಿಚ್ಚಿಟ್ಟ ಟೈರಿನಲ್ಲಿ ಕಾಣುವುದೇ ಇಲ್ಲ. ಟೈರನ್ನು ಅಲ್ಲಿ ಒಳಮುಖ ಹೊರಗೆ ಬರುವಂತೆ ಹೆಬ್ಬೆರಳಲ್ಲಿ ಮಡಿಸಿ, ಬೆಳಕಿಗೆ ಹಿಡಿಯಿರಿ, ತುದಿ ಮಿನುಗುತ್ತದೆ. ಚಿಮಟ ಅಥವಾ ನೇಲ್ ಕಟರಿನಿಂದ ಕಚ್ಚಿ ಎಳೆಯಿರಿ.

ದಾರಿಯಲ್ಲಾದರೆ ಇಷ್ಟು ಹುಡುಕಿ, ಜೊತೆಗಿರುವ ಬೇರೆ ಟ್ಯೂಬ್ ಹಾಕಿ ಹೊರಡಿ. ಪ್ಯಾಚ್ ಮನೆಯಲ್ಲಿ ಹಾಕುವ ಕೆಲಸ, ಏಕೆಂದರೆ ಅದಕ್ಕೆ ಬೇಕಾದ್ದು ತಾಳ್ಮೆ. ಪ್ಯಾಚಿಗಿಂತ ಸ್ವಲ್ಪ ಅಗಲಕ್ಕೆ ಸ್ಯಾಂಡ್‌ಪೇಪರಿನಿಂದ ಹೊಳಪು ಹೋಗುವವರೆಗೆ ಉಜ್ಜಿ. ಟ್ಯೂಬಿನ ಅಚ್ಚಿನ ಗೆರೆ ಅಲ್ಲಿ ಹಾದುಹೋಗಿದ್ದರೆ ಅದನ್ನು ಪೂರ್ತಿ ಸಮ ಮಾಡಿ, ಇಲ್ಲದಿದ್ದರೆ ಗಾಳಿ ಆ ಗೆರೆಯ ಪಕ್ಕದಿಂದಲೇ ನುಸುಳುತ್ತದೆ. ಸೊಲ್ಯೂಷನ್ (ಪಂಕ್ಚರಿನ ಅಂಟು) ತೆಳುವಾಗಿ ಹಚ್ಚಿ, ಐದು ನಿಮಿಷ ಬಿಡಿ. ಹಸಿ ಹೊಳಪು ಹೋಗಿ ಮಂಕಾಗಬೇಕು. ಹಸಿಯಿರುವಾಗಲೇ ಪ್ಯಾಚ್ ಒತ್ತುವುದು ಎಲ್ಲರೂ ಮಾಡುವ ತಪ್ಪು. ಸೊಲ್ಯೂಷನ್ ಅಂಟುವುದು ಒಣಗಿದ ಮೇಲೆ. ಬಾಯಿಂದ ಊದಿ ಒಣಗಿಸಲೂ ಬೇಡಿ, ಉಸಿರಿನ ತೇವ ಕೂರುತ್ತದೆ. ಪ್ಯಾಚ್ ಇಟ್ಟು ನಡುವಿನಿಂದ ಅಂಚಿನ ಕಡೆಗೆ ಗಟ್ಟಿಯಾಗಿ ಒತ್ತಿ. ಮೇಲಿನ ಪ್ಲಾಸ್ಟಿಕ್ ಹಾಳೆ ಏಳದಿದ್ದರೆ ಹಾಗೇ ಇರಲಿ, ಎಳೆದರೆ ಅಂಚೂ ಎದ್ದುಬರುತ್ತದೆ. ಸುತ್ತ ಉಳಿದ ಅಂಟಿಗೆ ಒಂದಿಷ್ಟು ಪೌಡರ್ ಉದುರಿಸಿ. ಹೊಸ ಪ್ಯಾಚಿನ ಟ್ಯೂಬನ್ನು ಟೈರಿನ ಹೊರಗೆ ಉಬ್ಬಿಸಿ ಪರೀಕ್ಷಿಸಬೇಡಿ.

ಟ್ಯೂಬಿಗೆ ಆಕಾರ ಬರುವಷ್ಟು ಮಾತ್ರ ಗಾಳಿ ತುಂಬಿ ಒಳಗೆ ಕೂರಿಸಿ. ಟೈರಿನ ಅಂಚನ್ನು ವಾಲ್ವಿನ ಎದುರಿನಿಂದ ಏರಿಸುತ್ತಾ ಬಂದು ವಾಲ್ವಿನ ಬಳಿ ಮುಗಿಸಿ. ಕೊನೆಯ ಒಂದು ಗೇಣು ಬಿಗಿಯಾದಾಗ ಲಿವರ್ ಹುಡುಕುವ ಬದಲು, ಎದುರು ಬದಿಯ ಅಂಚನ್ನು ಮತ್ತೆ ನಡುವಿನ ತಗ್ಗಿಗೆ ತಳ್ಳಿ. ಬೇಕಾದ ಸಡಿಲ ಅಲ್ಲಿಂದ ಬರುತ್ತದೆ. ವಾಲ್ವನ್ನು ಒಮ್ಮೆ ಒಳಕ್ಕೆ ತಳ್ಳಿ ಎಳೆಯಿರಿ. ಟೈರನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಎರಡೂ ಬದಿ ಇಣುಕಿ, ಟ್ಯೂಬ್ ಎಲ್ಲೂ ಅಂಚಿನ ಕೆಳಗೆ ಇಣುಕಬಾರದು. ಸಿಕ್ಕಿಕೊಂಡಿದ್ದರೆ ಪೂರ್ತಿ ಗಾಳಿಗೆ ಪಟಾಕಿಯಂತೆ ಸಿಡಿಯುತ್ತದೆ.

ಗಾಳಿ ಎಷ್ಟು? ಸುಮಾರು 70 ಕಿಲೋ ತೂಕದವರಿಗೆ 28 ಮಿಲಿಮೀಟರ್ ಅಗಲದ ಟೈರಿಗೆ 70ರಿಂದ 80 ಪಿಎಸ್ಐ (ಗಾಳಿಯ ಒತ್ತಡದ ಅಳತೆ), 40 ಮಿಲಿಮೀಟರಿಗೆ 40ರಿಂದ 50, 2.1 ಇಂಚಿನ ಟೈರಿಗೆ 30ರ ಆಸುಪಾಸು. ಹಿಂದಿನ ಚಕ್ರಕ್ಕೆ ಸ್ವಲ್ಪ ಹೆಚ್ಚು. ಟೈರಿನ ಪಕ್ಕದಲ್ಲಿ ಅಚ್ಚಾದ ಗರಿಷ್ಠ ಅಂಕಿಯನ್ನು ದಾಟಬೇಡಿ. ಹೆಬ್ಬೆರಳಲ್ಲಿ ಒತ್ತಿ ಅಳೆಯುವ ಅಭ್ಯಾಸ ನಂಬಿಕೆಗೆ ಯೋಗ್ಯವಲ್ಲ: 50 ಇದ್ದರೂ 80 ಇದ್ದರೂ ಬೆರಳಿಗೆ ಗಟ್ಟಿಯೇ.

ಚಕ್ರ ಹಾಕಿ ಕ್ವಿಕ್ ರಿಲೀಸ್ (ಚಕ್ರವನ್ನು ಬಿಗಿಹಿಡಿಯುವ, ಕೈಯಲ್ಲೇ ತೆರೆದು ಮುಚ್ಚುವ ಲಿವರ್) ಮುಚ್ಚುವಾಗ ಅದು ಅರ್ಧ ದಾರಿಯಲ್ಲೇ ಬಿಗಿಯಾಗತೊಡಗಿ, ಅಂಗೈಯಲ್ಲಿ ಗುರುತು ಮೂಡಬೇಕು. ಚೀಲದಲ್ಲಿರುವ ಸೊಲ್ಯೂಷನ್ ಟ್ಯೂಬನ್ನೂ ಆಗಾಗ ಹಿಸುಕಿ ನೋಡಿ. ಒಮ್ಮೆ ಬಾಯಿ ತೆರೆದ ಮೇಲೆ ಅದು ಮುಚ್ಚಳದೊಳಗೇ ಒಣಗುತ್ತದೆ.